ಚಿಗವ್ವನ ರಕ್ತಸಂಬಂಧಿಯಾಗಿ ಮುಂಬಯಿಗೆ

ಮುಂಬಯಿಗೆ ಜನ ಹೋಗುವುದು ಸಮುದ್ರ ನೋಡಲು, ಸಿನಿಮಾದವರ ಮನೆಯ ಗೇಟು ನೋಡಲು, ಇಲ್ಲವೇ ಹೊಟ್ಟೆಪಾಡಿಗೆ. ನನ್ನನ್ನು ಕರೆಸಿಕೊಂಡದ್ದು ಒಂದು ಸಹಿಗೆ.

ಗದಗಿನ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಹಿಂದಿ ಕಲಿಸುತ್ತಿದ್ದೇನೆ. ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಶಾಂತಾ ಚಿಗವ್ವನ ಫೋನು ಬಂತು. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಮುಂಬಯಿಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ವಯಸ್ಸು ಅರವತ್ತು ದಾಟಿದೆ, ಮದುವೆಯಾಗಿಲ್ಲ.

"ಸುಮಿ, ಗರ್ಭಕೋಶ ತಗಸ್ಬೇಕಂತ. ಒಂದು ದಿವಸಾನೂ ಉಪಯೋಗಿಸದ ಖೋಲಿ ನೋಡು, ಈಗ ಸೋರಾಕತ್ತೈತಿ. ಖಾಲಿ ಮಾಡಸ್ತೀನಿ. ನೀ ಬಂದು ಒಂದು ಸಹಿ ಮಾಡಬೇಕವಾ."

"ವಾರಿಜಕ್ಕ ಅದಾರಲ್ಲ ಚಿಗವ್ವಾ?"

"ಆಕಿ ಸಹಿ ನಡ್ಯಂಗಿಲ್ಲಂತ. ರಕ್ತಸಂಬಂಧಿನ ಬೇಕಂತ."

ವಾರಿಜಕ್ಕ ಉಡುಪಿ ಕಡೆಯವರು. ಮಾಟುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ವಯಸ್ಸು ಕಳೆದವರು. ಚಿಗವ್ವನೊಂದಿಗೆ ಮೂವತ್ತೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದಾರೆ. ಚಿಗವ್ವನಿಗೆ ಯಾವ ಮಾತ್ರೆ ಒಗ್ಗುವುದಿಲ್ಲ, ಯಾವ ಕಾಲು ಮೊದಲು ಊದುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ನನಗೆ ಚಿಗವ್ವ ಐದು ವರ್ಷಕ್ಕೊಮ್ಮೆ ಕಾಣಿಸುತ್ತಾಳೆ. ಆದರೆ ನಮ್ಮಿಬ್ಬರ ರಕ್ತ ಒಂದೇ, ಆದ್ದರಿಂದ ಕಾಯಿದೆಯ ಕಣ್ಣಿಗೆ ನಾನು ಹತ್ತಿರದವಳು.

ನಮ್ಮ ಮನೆಯಲ್ಲಿ ವಾರಿಜಕ್ಕನಿಗೆ ಹಲವು ಹೆಸರುಗಳಿದ್ದವು. ಅವ್ವ ಇರುವ ತನಕ 'ಶಾಂತಾನ ಗೆಳತಿ' ಎನ್ನುತ್ತಿದ್ದಳು. ಅಪ್ಪ 'ಆ ರೂಂ ಪಾರ್ಟ್ನರ್' ಎನ್ನುತ್ತಿದ್ದರು. ನಾನು ಕೆಲಸವನ್ನೇ ಹಗುರ ಮಾಡಿಕೊಂಡಿದ್ದೆ. ಯಾರಾದರೂ ಕೇಳಿದರೆ "ಚಿಗವ್ವ ಒಬ್ಬಾಕಿನ ಇರ್ತಾಳ" ಎಂದುಬಿಡುತ್ತಿದ್ದೆ. ನನ್ನ ಮಗಳ ಮದುವೆಯ ಕಾರ್ಡೂ ಚಿಗವ್ವನೊಬ್ಬಳ ಹೆಸರಿಗೇ ಹೋಗಿತ್ತು.

"ಮುಲುಂಡಿನ್ಯಾಗ ಬಸಣ್ಣ ಅದಾನಲ್ಲ, ಅವನೂ ರಕ್ತಾನ ಅಲ್ಲೇನು?" ಎಂದೆ. ಬಸಣ್ಣ ನನ್ನ ಸೋದರಮಾವನ ಮಗ. ಚಿಗವ್ವನಿಗೆ ಅಣ್ಣನ ಮಗ.

"ಅವನ ಷರತ್ತು ಅದಾವು. ನೀ ಮೊದಲು ಬಾ."

ದಾದರ್

ಗಾಡಿಯಿಂದ ಇಳಿದ ಕೂಡಲೇ ಕಂಡದ್ದು ಇಬ್ಬರು ಗಂಡಸರು. ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು ಸೇತುವೆಯ ಮೆಟ್ಟಿಲು ಹತ್ತುತ್ತಿದ್ದರು. ಅವರ ಹಿಂದೆ ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಇಡೀ ತೋಳು ಚೆಲ್ಲಿಕೊಂಡು ಹೊರಟಿದ್ದ. ಯಾರೂ ತಿರುಗಿ ನೋಡಲಿಲ್ಲ. ನಮ್ಮ ಊರಲ್ಲೂ ನೋಡುವುದಿಲ್ಲ ಬಿಡಿ. ನಾನು ಮತ್ತು ನನ್ನ ಗಂಡ ಮದುವೆಯಾದಾಗಿನಿಂದ ಬಜಾರಿನಲ್ಲಿ ನಾಲ್ಕು ಹೆಜ್ಜೆ ಅಂತರದಲ್ಲಿ ನಡೆಯುತ್ತೇವೆ. ಮುಂದೆ ಅವರು, ಹಿಂದೆ ನಾನು. ಹೊಸಬರು ನೋಡಿದರೆ ಅವರು ನನ್ನಿಂದ ತಪ್ಪಿಸಿಕೊಂಡು ಹೋಗುತ್ತಿದ್ದಾರೆ ಎಂದುಕೊಳ್ಳಬೇಕು. ಆದರೆ ಅವರು ತಮ್ಮ ಬ್ಯಾಂಕಿನ ಗೆಳೆಯನ ಜೊತೆ ಹೊರಟರೆ ಕೈ ಬಿಡಿಸಲು ಮೂರನೆಯವರೇ ಬರಬೇಕು.

ವಾರಿಜಕ್ಕ ಪ್ಲಾಟ್‌ಫಾರ್ಮಿನಲ್ಲೇ ಸಿಕ್ಕರು. ಗಿಡ್ಡ ದೇಹ, ಬಿಗಿಯಾದ ತುರುಬು. ನನ್ನ ಚೀಲಕ್ಕೆ ಕೈ ಹಾಕಿದವರೇ, "ಎಂತ ಭಾರ ಮಾರಾಯ್ತಿ! ಕಲ್ಲು ತುಂಬಿಸಿದ್ದೀರಾ?" ಎಂದರು.

"ರೊಟ್ಟಿ ಅದಾವ್ರೀ."

"ಹಾಗಾದ್ರೆ ಕಲ್ಲೇ."

ಬಸ್ಸಿನಲ್ಲಿ ಅವರು ಚಿಗವ್ವನ ವಿಷಯ ಹೇಳುತ್ತ ಬಂದರು. ಹೇಳುವಾಗ 'ನಮಗೆ ಶುಗರ್ ಉಂಟು', 'ನಮಗೆ ಆ ಇಂಜೆಕ್ಷನ್ ಆಗ್ಲಿಕ್ಕಿಲ್ಲ' ಎನ್ನುತ್ತಿದ್ದರು. ಕಾಯಿಲೆ ಇಬ್ಬರಿಗೂ ಇದೆಯೋ ಏನೋ ಎಂದು ನಾನು ಗಾಬರಿಯಾದೆ. ಆಮೇಲೆ ಅದು ವ್ಯಾಕರಣದ ಮಾತು ಎಂದು ತಿಳಿಯಿತು.

ವಡಾಲ

ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಬಾಗಿಲ ಮೇಲೆ ಇಬ್ಬರ ಹೆಸರೂ ಇತ್ತು. ಒಳಗೆ ಒಂದು ಹಾಲು, ಒಂದು ಅಡಿಗೆಮನೆ, ಒಂದು ಮಲಗುವ ಕೋಣೆ. ಕೋಣೆಯಲ್ಲಿ ಒಂದೇ ಮಂಚ. ನಾನು ಆ ಮಂಚವನ್ನು ನೋಡಿಯೂ ನೋಡದವಳಂತೆ ಕಿಟಕಿಯಾಚೆಯ ನೀರಿನ ಟ್ಯಾಂಕನ್ನು ಹೊಗಳಿದೆ.

ಚಿಗವ್ವ ಇಳಿದುಹೋಗಿದ್ದಳು. ಬಾಯಿ ಮಾತ್ರ ಹಾಗೇ ಇತ್ತು. "ಟ್ಯಾಂಕ್ ಚಲೋ ಐತಿ, ಹೌದು. ಊರಿಂದ ಬಂದವರೆಲ್ಲ ಅದನ್ನ ನೋಡ್ತಾರ" ಎಂದಳು.

ಚಹಾದ ಹೊತ್ತಿಗೆ ಪಕ್ಕದ ಮನೆಯ ಕಮಲತಾಯಿ ಬಂದರು. ಮರಾಠಿಯವರು. ಚಿಗವ್ವ ನರ್ಸ್ ಆದ್ದರಿಂದ ಇಡೀ ಬಿಲ್ಡಿಂಗಿಗೆ ಆಕೆ 'ಸಿಸ್ಟರ್'. ಸಿಸ್ಟರ್ ಜೊತೆಗಿರುವವರು ಸಿಸ್ಟರ್‌ನ ಸಿಸ್ಟರೇ ಆಗಿರಬೇಕೆಂದು ಬಿಲ್ಡಿಂಗು ಮೂವತ್ತೊಂದು ವರ್ಷದ ಹಿಂದೆ ತೀರ್ಮಾನಿಸಿತ್ತು. ಅದನ್ನು ಯಾರೂ ಮರುಪರಿಶೀಲಿಸಿರಲಿಲ್ಲ. ಒಬ್ಬರು ರೊಟ್ಟಿ ತಟ್ಟುವವರು, ಇನ್ನೊಬ್ಬರು ಗಸಿ ಮಾಡುವವರು. ಒಬ್ಬರದು ಗದಗು, ಇನ್ನೊಬ್ಬರದು ಉಡುಪಿ. ಅಕ್ಕತಂಗಿಯರು ಹೇಗೆ ಎಂದು ಒಮ್ಮೆ ಯಾರೋ ಕೇಳಿದ್ದರಂತೆ. ಅದಕ್ಕೆ ಕಮಲತಾಯಿಯೇ "ಸೌತ್ ಮೇ ಸಬ್ ಚಲ್ತಾ ಹೈ" ಎಂದು ಸಮಾಧಾನ ಹೇಳಿದ್ದರು.

ಹೋಗುವಾಗ ಅವರು ಬಾಗಿಲಲ್ಲಿ ನನ್ನ ಕೈ ಹಿಡಿದು ಹಿಂದಿಯಲ್ಲಿ ಪಿಸುಗುಟ್ಟಿದರು: "ವಾರಿಜಾಳನ್ನು ನೋಡಿಕೊಳ್ಳಿ. ಅವಳು ನಾಲ್ಕು ದಿನದಿಂದ ಊಟ ಮಾಡುತ್ತಿಲ್ಲ." ಕಮಲತಾಯಿಗೆ ಎಲ್ಲವೂ ಗೊತ್ತಿತ್ತು ಎಂದು ನನಗೆ ಆಗ ಅನಿಸಿತು. ಗೊತ್ತಿರುವುದು ಬೇರೆ, ಗೊತ್ತಿದೆ ಎಂದು ಹೇಳುವುದು ಬೇರೆ. ಆ ಎರಡರ ನಡುವೆ ಒಂದು ಬಿಲ್ಡಿಂಗು ಸುಖವಾಗಿ ನಿಂತಿತ್ತು.

ಸಂಜೆ ಮೂವರೂ ಹತ್ತಿರದ ಉದ್ಯಾನಕ್ಕೆ ಹೋದೆವು. ಚಿಗವ್ವ ಬೆಂಚಿನ ಮೇಲೆ ಕೂತವಳೇ ವಾರಿಜಕ್ಕನ ಭುಜಕ್ಕೆ ತಲೆಯಿಟ್ಟು, ಅವರ ಕೈಯನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡಳು. ಎದುರಿನ ಬೆಂಚಿನಲ್ಲಿ ಒಂದು ಎಳೆಯ ಜೋಡಿ ಕೂತಿತ್ತು. ಹುಡುಗಿಯ ಕೊರಳಲ್ಲಿ ಕರಿಮಣಿ ಕಾಣುತ್ತಿತ್ತು. ಹುಡುಗ ಅವಳ ಹಣೆಗೆ ಬಿದ್ದ ಕೂದಲು ಸರಿಸಿದ್ದೇ ತಡ, ಎಲ್ಲಿಂದಲೋ ಸೀಟಿ ಕೇಳಿಸಿತು.

"ಏಯ್! ಯೇ ಫ್ಯಾಮಿಲಿ ಗಾರ್ಡನ್ ಹೈ. ದೂರ್ ಬೈಠೋ!" ವಾಚ್‌ಮನ್ ಲಾಠಿ ಬೀಸುತ್ತ ಬಂದ.

"ಬೀವಿ ಹೈ ಮೇರಿ" ಎಂದ ಹುಡುಗ.

"ಬೀವಿ ಹೈ ತೋ ಘರ್ ಮೇ ಬೈಠೋ." ವಾಚ್‌ಮನ್ ಲಾಠಿಯಿಂದ ನಮ್ಮ ಬೆಂಚಿನತ್ತ ತೋರಿಸಿದ. "ಇನ್ ಆಂಟಿ ಲೋಗೋಂ ಸೇ ಸೀಖೋ. ದೇಖೋ, ಕೈಸೇ ಶರಾಫತ್ ಸೇ ಬೈಠೀ ಹೈಂ."

ಈ ಆಂಟಿಯರಿಂದ ಕಲಿಯಿರಿ, ಎಷ್ಟು ಸಭ್ಯವಾಗಿ ಕೂತಿದ್ದಾರೆ ನೋಡಿ! ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು. "ಅಯ್ಯೋ, ನಗಿಸಬ್ಯಾಡ್ರೋ, ನೋಯ್ತೈತಿ" ಎಂದಳು. ವಾರಿಜಕ್ಕ ನಗಲಿಲ್ಲ. ನೋವು ಎಂಬ ಶಬ್ದ ಕೇಳಿದ ಕೂಡಲೇ ಅವರು ಎದ್ದು ಟ್ಯಾಕ್ಸಿ ಹುಡುಕಲು ಹೊರಟಿದ್ದರು.

ಕುರ್ಲಾ

ಮರುದಿನ ಬಸಣ್ಣ ಊಟಕ್ಕೆ ಕರೆದಿದ್ದ. ನನ್ನೊಬ್ಬಳನ್ನೇ. ದಾರಿ ಗೊತ್ತಿಲ್ಲದ ನನ್ನನ್ನು ವಾರಿಜಕ್ಕ ಮುಲುಂಡ್ ತನಕ ಬಿಡಲು ಬಂದರು. ವಡಾಲದಿಂದ ಕುರ್ಲಾ, ಅಲ್ಲಿ ಗಾಡಿ ಬದಲಿಸಬೇಕು.

ಕುರ್ಲಾದಲ್ಲಿ ಮಹಿಳೆಯರ ಡಬ್ಬಿಗೆ ನಾನು ಹತ್ತಲಿಲ್ಲ, ಹತ್ತಿಸಲ್ಪಟ್ಟೆ. ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ, ಯಾರದೋ ಹೂವು ನನ್ನ ಮೂಗಿನಲ್ಲಿ. ಎದುರಿನ ದಪ್ಪ ಹೆಂಗಸು ಎರಡು ಕೈಯಿಂದ ನನ್ನ ಸೊಂಟ ಬಳಸಿ, "ಗಿರೋಗೀ, ಪಕಡೋ ಮುಝೇ" ಎಂದಳು, ಬೀಳ್ತೀಯಾ, ನನ್ನನ್ನು ಹಿಡಿದುಕೋ ಎಂದು. ನಾನೂ ಅವಳನ್ನು ತಬ್ಬಿಕೊಂಡೆ. ಅಷ್ಟು ಗಟ್ಟಿಯಾಗಿ ನನ್ನನ್ನು ಯಾರಾದರೂ ತಬ್ಬಿಕೊಂಡು ಎಷ್ಟು ವರ್ಷವಾಗಿತ್ತೋ! ಘಾಟ್‌ಕೋಪರ್‌ನಲ್ಲಿ ಅವಳು ಹೆಸರೂ ಹೇಳದೆ ಇಳಿದುಹೋದಳು. ಜಾಗ ಸಿಕ್ಕು ಕೂತ ಮೇಲೆ ಕಾಲೇಜು ಹುಡುಗಿಯೊಬ್ಬಳು ನನ್ನ ಭುಜದ ಮೇಲೆ ಮಲಗಿ ಸಣ್ಣಗೆ ಗೊರಕೆ ಹೊಡೆದಳು. ಈ ಊರಿನಲ್ಲಿ ಹೆಣ್ಣು ಹೆಣ್ಣನ್ನು ಅಪ್ಪಿಕೊಳ್ಳಲು ಸೀಸನ್ ಪಾಸಿನ ಹೊರತು ಬೇರೆ ಪರವಾನಗಿ ಬೇಕಿಲ್ಲ. ಒಂದೇ ನಿಯಮ, ಸ್ಟೇಷನ್ ಬಂದಾಗ ಬಿಟ್ಟುಬಿಡಬೇಕು.

ಮುಲುಂಡಿನಲ್ಲಿ ಇಳಿದಾಗ ವಾರಿಜಕ್ಕ ಪ್ಲಾಟ್‌ಫಾರ್ಮಿನ ಒಂದು ಬೆಂಚಿನ ಧೂಳು ಒರೆಸಿದರು. "ನೀವು ಹೋಗಿ ಬನ್ನಿ. ನಾನು ಇಲ್ಲೇ ಕೂತಿರ್ತೇನೆ."

"ನೀವೂ ಬರ್ರಿ ವಾರಿಜಕ್ಕ. ಏನಾಗ್ತೈತಿ?"

"ಬೇಡ. ಅವರಿಗೆ ಕಸಿವಿಸಿ ಆಗ್ತದೆ" ಎಂದು ಪರ್ಸಿನಿಂದ ಹೆಣಿಗೆಯ ಕಡ್ಡಿ ತೆಗೆದರು.

ಮುಲುಂಡ್

ಬಸಣ್ಣ ತನ್ನ ಹೌಸಿಂಗ್ ಸೊಸೈಟಿಯ ಚೇರ್ಮನ್. ಗೇಟಿನಲ್ಲೇ ಕಾದಿದ್ದ. ನನ್ನನ್ನು ಕಂಡು ಕೈ ಮುಗಿದ. ಅಷ್ಟರಲ್ಲಿ ಅವನ ವಾಕಿಂಗ್ ಗೆಳೆಯನೊಬ್ಬ ಬಂದು ಮಗನ ರಿಸಲ್ಟು ಹೇಳಿದ. ಬಸಣ್ಣ ಆತನನ್ನು ಬಾಚಿ ತಬ್ಬಿ, ಬೆನ್ನು ಗುದ್ದಿ, ಕೆನ್ನೆಗೆ ಲೊಚಕ್ಕನೆ ಮುತ್ತು ಕೊಟ್ಟ. ಅವರಿಬ್ಬರ ಹಿಂದಿನ ಗೋಡೆಯ ಮೇಲೆ ಮೂರು ಭಾಷೆಯ ಬೋರ್ಡು ಇತ್ತು: ಆವರಣದಲ್ಲಿ ಅಸಭ್ಯ ವರ್ತನೆ ನಿಷೇಧ.

"ಇದು ಯಾಕ ಬಸಣ್ಣ?"

"ಬಿ ವಿಂಗಿನ್ಯಾಗ ಇಬ್ಬರು ಹುಡುಗರು ಬಾಡಿಗಿ ಇದ್ದರು. ಖಾಲಿ ಮಾಡಿಸಬೇಕಾತು."

"ಏನ್ ಮಾಡಿದ್ದರು?"

"ಏನೂ ಮಾಡಿರಲಿಲ್ಲ. ಬ್ಯಾಚಲರ್ ಹುಡುಗರು ಹುಡುಗಿಯರನ್ನ ಕರಕೊಂಡು ಬರಬಾರದು ಅಂತ ನಮ್ಮದು ರೂಲ್ ಐತಿ. ಎರಡು ವರ್ಷ ಒಬ್ಬಾಕಿನ್ನೂ ಕರಕೊಂಡು ಬರಲಿಲ್ಲ. ಆವಾಗನ ನಮಗ ಸಂಶಯ ಬಂತು."

ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನಾಗಿದ್ದರೆ ಸನ್ಮಾನಿಸುತ್ತಿದ್ದೆ.

ಊಟಕ್ಕೆ ಹೋಳಿಗೆ ಮಾಡಿದ್ದರು. ಬಸಣ್ಣನ ಹೆಂಡತಿ ಶೈಲಾ ಬಡಿಸುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳು ರಿಯಾ ನನ್ನ ಪಕ್ಕ ಕೂತಿದ್ದಳು. ಬಸಣ್ಣ ತುಪ್ಪ ಹಾಕಿಕೊಳ್ಳುತ್ತ ಷರತ್ತು ಹೇಳಿದ.

"ಸಹಿ ನಾನೂ ಮಾಡ್ತಿದ್ದೆ. ಆಪರೇಷನ್ ಆದಮ್ಯಾಲ ಅತ್ತಿ ಇಲ್ಲಿಗೇ ಬರಬೇಕು. ಇನ್ನ ಮ್ಯಾಲ ನಮ್ಮ ಜೋಡೀನ ಇರ್ತಾಳ. ಆ ವಾರಿಜಾ ಬಾಯಿ ತಮ್ಮ ಊರಿಗೆ ಹೋಗಲಿ. ಈ ವಯಸ್ಸಿನ್ಯಾಗ ಮನಿ ಮಂದಿ ಬೇಕು."

"ಮೂವತ್ತೊಂದು ವರ್ಷ ಆಕಿನ ನೋಡಿಕೊಂಡಾರಲ್ಲ" ಎಂದೆ.

"ಅದಕ್ಕ ನಾ ಏನಾರ ಅಂದೇನೇನು? ಗೆಳೆತನ ಚಲೋನ. ನಾವೇನು ಹಳೇ ಕಾಲದ ಮಂದಿ ಅಲ್ಲ."

ರಿಯಾ ಹೋಳಿಗೆ ಮುರಿಯುತ್ತ ತನ್ನ ಅರ್ಧ ಕನ್ನಡದಲ್ಲಿ, "ಪಪ್ಪಾ, ಅವರು ಫ್ರೆಂಡ್ಸ್ ಇಲ್ಲ ನಾ. ದೇ ಆರ್ ಅ ಕಪಲ್. ಸಬ್‌ಕೋ ಪತಾ ಹೈ" ಎಂದಳು.

ತುಪ್ಪದ ಚಮಚ ಬಟ್ಟಲಿಗೆ ಬಿತ್ತು. "ಊಟದ ಮುಂದ ಅಂಥಾ ಶಬ್ದ ಬಳಸಬ್ಯಾಡ!" ಎಂದು ಬಸಣ್ಣ ಕೂಗಿದ.

"ಕೌನ್‌ಸಾ ಶಬ್ದ? ಕಪಲ್? ಕೋರ್ಟ್ ನೇ ಭೀ ಬೋಲಾ ಹೈ, ಕ್ರೈಮ್ ಇಲ್ಲ."

"ಕೋರ್ಟು ಏನರೆ ಹೇಳಲಿ. ಸೊಸೈಟಿ ಬೈಲಾ ಬ್ಯಾರೆ ಐತಿ."

ನನ್ನತ್ತ ತಿರುಗಿ, "ಸುಮಿತ್ರಾ, ನೀನರೆ ಹೇಳು" ಎಂದ. ರಿಯಾ ಕೂಡ ನನ್ನನ್ನೇ ನೋಡಿದಳು. ನಾನು ಶೈಲಾಳಿಗೆ, "ಹೋಳಿಗಿ ಭಾಳ ಮೆತ್ತಗ ಆಗ್ಯಾವ" ಎಂದೆ. ಅದು ಸುಳ್ಳಾಗಿರಲಿಲ್ಲ. ಆದರೆ ಆ ಹುಡುಗಿಯ ಮುಖ ಬಾಡಿತು.

ಸ್ಟೇಷನ್ನಿಗೆ ಮರಳಿದಾಗ ವಾರಿಜಕ್ಕ ಅದೇ ಬೆಂಚಿನಲ್ಲಿದ್ದರು. ಹೆಣಿಗೆ ಒಂದು ಗೇಣು ಬೆಳೆದಿತ್ತು.

"ಊಟ ಆಯ್ತಾ?"

"ಆತು. ನಿಮ್ಮದು?"

"ವಡಾಪಾವ್ ತಿಂದೆ. ನನಗೆ ಈ ಬೆಂಚು ಅಭ್ಯಾಸ ಉಂಟು. ಶಾಂತಾ ಹಬ್ಬಕ್ಕೆ ಅವರ ಮನೆಗೆ ಹೋದಾಗಲೆಲ್ಲ ನಾನು ಇಲ್ಲೇ." ಕಡ್ಡಿ ಸುತ್ತಿಡುತ್ತ, ಏನೋ ಲೋಕಾಭಿರಾಮದ ಮಾತಿನಂತೆ ಹೇಳಿದರು: "ನಿಮ್ಮ ಮಗಳ ಮದುವೆಗೆ ಗದಗಿಗೂ ಬಂದಿದ್ದೆ. ಶಾಂತಾಗೆ ಆಗ ಬಿ.ಪಿ. ಜಾಸ್ತಿ ಇತ್ತು, ಒಬ್ಬಳನ್ನೇ ಕಳಿಸ್ಲಿಕ್ಕೆ ಧೈರ್ಯ ಬರಲಿಲ್ಲ. ನಿಮ್ಮ ಸ್ಟೇಷನ್ನಿನ ವೇಟಿಂಗ್ ರೂಮ್ ಒಳ್ಳೆ ಕ್ಲೀನ್ ಉಂಟು."

ಎರಡು ದಿನದ ಮದುವೆ. ಸಾವಿರ ಜನಕ್ಕೆ ಊಟ ಹಾಕಿಸಿದ್ದೆ. ಬ್ಯಾಂಡಿನವರಿಗೂ ಎಲೆ ಹಾಕಿಸಿದ್ದೆ.

ಆಸ್ಪತ್ರೆ, ಮೊದಲ ದಿನ

ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಕಂಪ್ಯೂಟರಿಗೆ ಎಲ್ಲವನ್ನೂ ತುಂಬುತ್ತಿದ್ದಳು. ನಮ್ಮ ಹಿಂದೆ ಉದ್ದನೆಯ ಸಾಲು. ಗಾಲಿಕುರ್ಚಿಯಲ್ಲಿ ಚಿಗವ್ವ, ಪಕ್ಕದಲ್ಲಿ ವಾರಿಜಕ್ಕ ಮತ್ತು ನಾನು. ಬಸಣ್ಣನೂ ಸೇಬಿನ ಚೀಲ ಹಿಡಿದು ಬಂದಿದ್ದ.

ಪೇಷಂಟಿನ ವಯಸ್ಸು? ನಾನು "ಅರವತ್ತೆರಡೋ, ಮೂರೋ" ಎಂದೆ. ವಾರಿಜಕ್ಕ ಹುಟ್ಟಿದ ತಾರೀಖು ಹೇಳಿದರು. ರಕ್ತದ ಗುಂಪು? ವಾರಿಜಕ್ಕ ಹೇಳಿದರು. ಹಿಂದಿನ ಆಪರೇಷನ್? ಯಾವ ಔಷಧ ಆಗುವುದಿಲ್ಲ? ಬೆಳಿಗ್ಗೆ ಶುಗರ್ ಎಷ್ಟಿತ್ತು? ಎಲ್ಲಕ್ಕೂ ವಾರಿಜಕ್ಕ. ಹದಿನೈದು ಪ್ರಶ್ನೆಗೆ ಅವರು ಉತ್ತರಿಸಿದ ಮೇಲೆ ಕೌಂಟರಿನವಳು ಪೆನ್ನನ್ನು ನನ್ನ ಕೈಗೆ ಕೊಟ್ಟಳು. "ಆಪ್ ಸೈನ್ ಕೀಜಿಯೇ. ಆಪ್ ಬ್ಲಡ್ ರಿಲೇಟಿವ್ ಹೈ ನಾ?"

ಪರೀಕ್ಷೆ ಬರೆದವರು ಒಬ್ಬರು, ಪಾಸಾದವಳು ನಾನು. ಸಹಿ ಮಾಡಿದೆ.

ಆಮೇಲೆ ಇನ್ನೊಂದು ವಿಷಯ ಬಂತು. ವಾರ್ಡಿನಲ್ಲಿ ಜೊತೆಗಿರಲು ಒಬ್ಬರಿಗೆ ಮಾತ್ರ ಪಾಸು, ಅದೂ ಕುಟುಂಬದವರಿಗೇ. ಬಸಣ್ಣ ಮುಂದೆ ಬಂದು "ಶೈಲಾನ ಹೆಸರು ಬರಸು" ಎಂದ. ನಾನು "ವಾರಿಜಾ ಅಂತ ಬರೀರಿ" ಎಂದು ಹಿಂದಿಯಲ್ಲಿ ಹೇಳಿದೆ.

"ರಿಲೇಶನ್ ಕ್ಯಾ ಹೈ?" ಎಂದಳು ಕೌಂಟರಿನವಳು, ತಲೆ ಎತ್ತದೆ. "ಬೆಹೆನ್?"

"ಹೌದು ಅಂತ ಹೇಳಿ, ಗಲಾಟೆ ಬೇಡ" ಎಂದು ವಾರಿಜಕ್ಕ ನನ್ನ ಕಿವಿಯಲ್ಲಿ ಉಸುರಿದರು.

ಗಾಲಿಕುರ್ಚಿಯಿಂದ ಚಿಗವ್ವನ ದನಿ ಬಂತು. "ನನಗ ಒಬ್ಬಾಕಿನ ಅಕ್ಕ ಇದ್ದಳು. ಆಕಿ ಹೋದಳು. ನಾಳೆ ಟೇಬಲ್ ಮ್ಯಾಲಿಂದ ಏಳ್ತೇನೋ ಇಲ್ಲೋ, ಸುಳ್ಳು ಬರಸಿ ಒಳಗ ಹೋಗಂಗಿಲ್ಲ ನಾ."

ನಮ್ಮಲ್ಲಿ ಗಂಡನ ಹೆಸರು ಹೇಳಲು ನಾಚುವ ಹೆಂಗಸರು 'ನಮ್ಮ ಮನೆಯವರು' ಎನ್ನುತ್ತಾರೆ, ಹೆಂಡತಿಯನ್ನೂ ಗಂಡಸರು ಹಾಗೇ ಕರೆಯುತ್ತಾರೆ. ನನಗೆ ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದೇ ಮಾತು, ಆದರೆ ಹಿಂದಿಯಲ್ಲಿ ಬಂತು.

"ಘರ್‌ವಾಲೀ" ಎಂದೆ.

ಕೌಂಟರಿನವಳು ತಲೆ ಎತ್ತಿದಳು. ಹಿಂದಿನ ಸಾಲಿನವರು ಕತ್ತು ಚಾಚಿದರು. ಹಿಂದಿಯಲ್ಲಿ ಘರ್‌ವಾಲೀ ಎಂದರೆ ಹೆಂಡತಿ. ಬಸಣ್ಣನ ಚೀಲದಿಂದ ಒಂದು ಸೇಬು ಜಾರಿ ಉರುಳುತ್ತ ಹೋಯಿತು.

"ಮೇಡಂ, ಇವಳು ಹಳ್ಳಿಯಿಂದ ಬಂದಾಕಿ, ಹಿಂದಿ ಬರೂದಿಲ್ಲ" ಎಂದು ಬಸಣ್ಣ ಹಿಂದಿ, ಕನ್ನಡ ಎರಡನ್ನೂ ಕಲಸಿ ಹೇಳಿದ.

"ಇಪ್ಪತ್ತೆಂಟು ವರ್ಷ ಹಿಂದಿ ಕಲಿಸೇನಿ ಬಸಣ್ಣ. ಪುಲ್ಲಿಂಗ ಸ್ತ್ರೀಲಿಂಗ ಎರಡೂ ಗೊತ್ತದಾವು" ಎಂದೆ. ಅದು ಎಂಟನೇ ಕ್ಲಾಸಿನ ಹಿಂದಿನ ಬೆಂಚಿಗೆ ಕೇಳಿಸುವ ದನಿ.

ಕೌಂಟರಿನವಳು ಕ್ರಾಂತಿ ಮಾಡುವ ಹೆಂಗಸಾಗಿರಲಿಲ್ಲ. ಅವಳಿಗೆ ಸಾಲು ಮುಗಿಸಬೇಕಿತ್ತು. ಕಂಪ್ಯೂಟರಿನಲ್ಲಿ 'ಫ್ರೆಂಡ್' ಎಂಬುದೇ ಇರಲಿಲ್ಲ. 'ಸ್ಪೌಸ್', ಅಂದರೆ ಗಂಡ ಇಲ್ಲವೇ ಹೆಂಡತಿ, ಎಂಬುದನ್ನು ಒತ್ತಿದಳು. ಪೇಷಂಟು ಹೆಂಗಸು ಎಂದು ಕಂಪ್ಯೂಟರಿಗೆ ಮೊದಲೇ ಗೊತ್ತಿದ್ದುದರಿಂದ ಅದು ತನ್ನ ಬುದ್ಧಿ ಉಪಯೋಗಿಸಿತು. ಮುದ್ರಿತವಾಗಿ ಹೊರಬಂದ ಪಾಸಿನ ಮೇಲೆ ಹೀಗಿತ್ತು: ವಾರಿಜಾ, ಹಸ್ಬೆಂಡ್.

"ಚೇಂಜ್ ನಹೀ ಹೋತಾ" ಎಂದು ಅವಳು ಅದರ ಮೇಲೆ ಠಸ್ಸೆ ಒತ್ತಿದಳು.

ವಾರ್ಡಿನ ಬಾಗಿಲಲ್ಲಿ ಕಾವಲುಗಾರ ಪಾಸನ್ನು ಓದಿದ. ಮುಡಿ, ಸೀರೆ, ಕುಂಕುಮ ಎಲ್ಲವನ್ನೂ ನೋಡಿದ. ಮತ್ತೆ ಪಾಸನ್ನು ಓದಿದ. "ಹಸ್ಬೆಂಡ್ ಕಿಧರ್ ಹೈ?"

"ಮೈ ಹೂಂ" ಎಂದರು ವಾರಿಜಕ್ಕ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅಪರಿಚಿತನ ಮುಂದೆ ಹೇಳಿದ ಮಾತು ಇರಬೇಕು.

ಅವನು ಠಸ್ಸೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ. ಠಸ್ಸೆ ಸರಿಯಾಗಿತ್ತು. "ಚಪ್ಪಲ್ ಬಾಹರ್ ನಿಕಾಲೋ" ಎಂದು ಬಾಗಿಲು ತೆರೆದ.

ಐದನೆಯ ದಿನ

ಆಪರೇಷನ್ ಸುಸೂತ್ರವಾಯಿತು. ಚಿಗವ್ವ ಎಚ್ಚರಾದ ಮೇಲೆ ಪಾಸನ್ನು ಓದಿ, "ಗಂಡ ಆದಮ್ಯಾಲ ಇಷ್ಟು ಅಳಬಾರದವಾ" ಎಂದು ವಾರಿಜಕ್ಕನನ್ನು ಗದರಿಸಿದಳು.

ಡಿಸ್ಚಾರ್ಜ್ ದಿನ ಬಸಣ್ಣ ಕಾರು ತಂದ. ಮುಲುಂಡಿಗೇ ಒಯ್ಯುತ್ತಾನೆ ಎಂದು ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಆದರೆ ಹಿಂದಿನ ಸಂಜೆ ಶೈಲಾ ಅವನಿಗೆ ಸ್ಪಷ್ಟವಾಗಿ ಹೇಳಿದ್ದಳಂತೆ: ಅತ್ತಿ ಬರಲಿ, ಬೆಡ್‌ಪ್ಯಾನ್ ನೀವೇ ಇಡಿ, ಮೈ ನೀವೇ ಒರೆಸಿ. ಇದನ್ನು ರಿಯಾ ನನಗೆ ಆಮೇಲೆ ಫೋನಿನಲ್ಲಿ ನಗುತ್ತ ವರದಿ ಮಾಡಿದಳು. ಅವನು ಕಪಲ್ ಎಂಬ ಶಬ್ದವನ್ನು ಇನ್ನೂ ಒಪ್ಪಿರಲಿಲ್ಲ. ಬೆಡ್‌ಪ್ಯಾನನ್ನೂ ಒಪ್ಪಿರಲಿಲ್ಲ. ಎರಡರಲ್ಲಿ ಒಂದನ್ನು ನುಂಗಲೇಬೇಕಾಗಿತ್ತು.

ವಾರಿಜಕ್ಕ ಔಷಧದ ಚೀಲ ಹಿಡಿದು ಕಾರಿನಿಂದ ದೂರ ನಿಂತಿದ್ದರು. "ನಾನು ಬಸ್ಸಲ್ಲಿ ಬರ್ತೇನೆ. ನೀವು ನಿಧಾನ ಕರ್ಕೊಂಡು ಹೋಗಿ" ಎಂದರು. ಚಿಗವ್ವ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಲು ಬಿಡಲಿಲ್ಲ. ಕಾಲೊಂದನ್ನು ಹೊರಗೇ ಇಟ್ಟುಕೊಂಡಿದ್ದಳು. ಹಿಂದೆ ನಿಂತ ಕಾರುಗಳು ಹಾರ್ನ್ ಬಾರಿಸತೊಡಗಿದವು. ಬಸಣ್ಣ ಒಮ್ಮೆ ಆ ಕಾಲನ್ನು, ಒಮ್ಮೆ ವಾರಿಜಕ್ಕನನ್ನು ನೋಡಿದ.

"ಬರ್ರೀ, ಕೂಡ್ರಿ" ಎಂದ ಕೊನೆಗೆ, ಬೇರೆ ಕಡೆ ನೋಡುತ್ತ.

ವಾರಿಜಕ್ಕ ಹತ್ತಿದರು. ನಾನು ಮುಂದಿನ ಸೀಟಿನಲ್ಲಿ ಕೂತೆ. ಕಾರು ಹೊರಟು ಸ್ವಲ್ಪ ದೂರ ಬಂದು ಸಿಗ್ನಲ್ಲಿನಲ್ಲಿ ನಿಂತಿತು. ಬಸಣ್ಣ ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಹಸಿರು ಬಂತು. ಅವನು ಅಲುಗಲಿಲ್ಲ. ಹಟ ಮಾಡುತ್ತಿದ್ದಾನೆ ಎಂದು ನಾನು ಅಂದುಕೊಂಡೆ. ಆಮೇಲೆ ತಿಳಿಯಿತು: ಈ ಊರಿನಲ್ಲಿ ಇಷ್ಟು ವರ್ಷವಿದ್ದೂ ಅವನು ಒಮ್ಮೆಯೂ ತನ್ನ ಅತ್ತಿಯ ಮನೆಗೆ ಹೋಗಿರಲಿಲ್ಲ. ಅವನಿಗೆ ದಾರಿ ಗೊತ್ತಿರಲಿಲ್ಲ. ಅತ್ತಿ ಕಣ್ಣು ಮುಚ್ಚಿಕೊಂಡು ವಾರಿಜಕ್ಕನ ಭುಜದ ಮೇಲೆ ನಿದ್ದೆಹೋಗಿದ್ದಳು.

ಬಸಣ್ಣ ಕನ್ನಡಿಯಲ್ಲಿ ಹಿಂದೆ ನೋಡಿದ. ಗಂಟಲು ಸರಿಮಾಡಿಕೊಂಡ.

"ಯಾ ಕಡೆ ಹೋಗಬೇಕ್ರೀ, ವಾರಿಜಕ್ಕಾ?"

"ಇಲ್ಲಿ ಎಡಕ್ಕೆ ತಗೊಳ್ಳಿ" ಎಂದರು ವಾರಿಜಕ್ಕ, ಮೆಲ್ಲಗೆ. "ಮುಂದೆ ಹೊಂಡ ಉಂಟು. ನಿಧಾನ ಹೋಗಿ, ನಮಗೆ ಹೊಲಿಗೆ ಹಸಿ ಉಂಟು."